ಟ್ಯಾಬ್ ಬೇಕೋ, ಇರೋ ಮೊಬೈಲೇ ಸಾಕೋ? ಕೆಲಸ ನೋಡಿ ಲೆಕ್ಕ ಹಾಕೋಣ

ಹತ್ತಿ, ಭತ್ತ, ಮೆಣಸಿನಕಾಯಿ ಮಾರಿದ ದುಡ್ಡು ಕೈಗೆ ಬರೋ ಹೊತ್ತಿಗೆ ಮಾನ್ವಿ ಕಡೆಯ ಹುಡುಗರು ನನ್ನನ್ನು ಕೇಳೋ ಪ್ರಶ್ನೆ ಒಂದೈತಿ: “ಅಣ್ಣಾ, ಒಂದು ಟ್ಯಾಬ್ ತಗೊಂಡ್ರೆ ಒಕ್ಕಲುತನಕ್ಕೆ ಅನುಕೂಲ ಆಗ್ತದೇನು?” ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿಬಿಡೋದು ಸರಿಯಲ್ಲ. ಹತ್ತು ಹನ್ನೆರಡು ಸಾವಿರ ರೂಪಾಯಿ ಅಂದ್ರೆ ನಮಗೆ ಗೊಬ್ಬರದ ದುಡ್ಡು, ಆಳಿನ ಕೂಲಿ. ಅದಕ್ಕೇ ಈ ವಾರ ಟ್ಯಾಬನ್ನು ಅಂಗಡಿಯವರ ಮಾತಿನಿಂದಲ್ಲ, ನಮ್ಮ ದಿನದ ಕೆಲಸದಿಂದ ಅಳೆದು ನೋಡೋಣ.

ಈ ಆಸೆ ಹೊಸದಲ್ಲ

ಕೈಯಲ್ಲಿ ಹಿಡಿಯೋ, ಮುಟ್ಟಿ ನಡೆಸೋ ಕಂಪ್ಯೂಟರನ್ನು ಹಳ್ಳಿ ಜನಕ್ಕೆ ಕೊಡಬೇಕು ಅನ್ನೋ ಕೆಲಸ ನಮ್ಮ ಕರ್ನಾಟಕದಲ್ಲೇ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ‘ಸಿಂಪ್ಯೂಟರ್’ ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. 2004ರಲ್ಲಿ ಬಿಇಎಲ್ ಅದನ್ನು ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಲೆ ಸುಮಾರು 10 ಸಾವಿರ ರೂಪಾಯಿಯಿಂದ ಶುರು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ, ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಲಿ ಅನ್ನೋದು ಅವರ ಯೋಚನೆ. ನಮ್ಮ ಸರ್ಕಾರ ಭೂದಾಖಲೆ ಕೆಲಸಕ್ಕೂ ಇದನ್ನು ಬಳಸಿತು.

ಆದರೂ ಅದು ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಅದೇ ಹೊತ್ತಿಗೆ ಅಗ್ಗದ ಮೊಬೈಲ್ ಬಂತು. ಜನಕ್ಕೆ ಮೊದಲು ಬೇಕಾಗಿದ್ದದ್ದು ಮಾತಾಡೋದು. ಅದನ್ನು ಮೊಬೈಲ್ ಮಾಡಿತು. 2011ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ‘ಆಕಾಶ್’ ಟ್ಯಾಬ್ ಬಿಡುಗಡೆ ಮಾಡಿತು. ಬೆಲೆ ಬಹಳ ಕಡಿಮೆ, ಆದರೆ ಒತ್ತಿದರೆ ಮಾತ್ರ ಕೆಲಸ ಮಾಡೋ ಪರದೆ, ಬೇಗ ಇಳಿಯೋ ಬ್ಯಾಟರಿ. ಇವೆರಡರಿಂದ ನಾವು ಕಲಿಯೋದು ಇಷ್ಟೇ: ಯಂತ್ರ ಎಷ್ಟು ಜಾಣ, ಎಷ್ಟು ಅಗ್ಗ ಅನ್ನೋದು ಆಮೇಲೆ. ನಮ್ಮ ಯಾವ ಕೆಲಸಕ್ಕೆ ಅದು ಒದಗ್ತದೆ ಅನ್ನೋದು ಮೊದಲು.

ಹೊಲದ ಕೆಲಸ: ಮೊಬೈಲೇ ಮೇಲು

ಬೆಳೆ ಸಮೀಕ್ಷೆಯನ್ನೇ ತಗೊಳ್ಳಿ. 2020ರ ಮುಂಗಾರಿನಿಂದ ರೈತರೇ ಆ್ಯಪ್‌ನಲ್ಲಿ ತಮ್ಮ ಬೆಳೆ ದಾಖಲಿಸಬಹುದು. ಹೊಲದಲ್ಲೇ ನಿಂತು ಫೋಟೋ ತೆಗೀಬೇಕು, ಜಿಪಿಎಸ್ ನಿಮ್ಮ ಸರ್ವೆ ನಂಬರಿನ ಜಾಗ ತೋರಿಸಬೇಕು. ಬೆಂಬಲ ಬೆಲೆಗೆ ಮಾರುವಾಗ, ಬೆಳೆ ವಿಮೆಗೆ, ಬೆಳೆ ಹಾನಿ ಪರಿಹಾರಕ್ಕೆ ಈ ದಾಖಲೆಯನ್ನೇ ನೋಡ್ತಾರೆ. ತೊಗರಿ ಹಾಕಿ ದಾಖಲೆಯಲ್ಲಿ ಹತ್ತಿ ಅಂತಿದ್ದರೆ ಕಷ್ಟಕ್ಕೆ ಬೀಳೋರು ನಾವೇ.

ಈ ಕೆಲಸಕ್ಕೆ ಮೂರು ಬೇಕು: ಜಿಪಿಎಸ್, ಒಳ್ಳೆ ಕ್ಯಾಮೆರಾ, ಒಟಿಪಿ ಬರೋ ಸಿಮ್. ಮೂರೂ ನಿಮ್ಮ ಮೊಬೈಲಿನಲ್ಲಿ ಈಗಾಗಲೇ ಅವೆ. ಬರೀ ವೈಫೈ ಇರೋ ಟ್ಯಾಬಿಗೆ ಸಿಮ್ ಹಾಕೋಕೆ ಬರಲ್ಲ. ಅಂಥ ಕೆಲವು ಮಾದರಿಗಳಲ್ಲಿ ಜಿಪಿಎಸ್ ಕೂಡ ಇರಲ್ಲ. ಕಡಿಮೆ ಬೆಲೆಯ ಟ್ಯಾಬಿನ ಕ್ಯಾಮೆರಾ ಸಾಮಾನ್ಯವಾಗಿ ಅದೇ ಬೆಲೆಯ ಮೊಬೈಲಿಗಿಂತ ಸಪ್ಪೆ. ಮೆಣಸಿನ ಹೂವಿನೊಳಗಿನ ಥ್ರಿಪ್ಸ್, ಹತ್ತಿ ಕಾಯಿಯೊಳಗಿನ ಗುಲಾಬಿ ಕಾಯಿಕೊರಕ ಹುಳ ಇವನ್ನು ಸ್ಪಷ್ಟ ಫೋಟೋ ತೆಗೆದು ಕೃಷಿ ವಿಶ್ವವಿದ್ಯಾಲಯದವರಿಗೋ ರೈತ ಸಂಪರ್ಕ ಕೇಂದ್ರಕ್ಕೋ ತೋರಿಸಬೇಕಾದರೆ ಇದು ದೊಡ್ಡ ಕೊರತೆ.

ಇನ್ನು ಬಿಸಿಲು. ಹೆಚ್ಚಿನ ಕಂಪನಿಗಳು ತಮ್ಮ ಸಾಧನವನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಅಂತ ಹೇಳ್ತಾವೆ. ನಮ್ಮ ರಾಯಚೂರು ಜಿಲ್ಲೆಯ ಏಪ್ರಿಲ್-ಮೇ ಬಿಸಿಲು 40 ದಾಟ್ತದೆ. ಟ್ರ್ಯಾಕ್ಟರಿನ ಬಾನೆಟ್ ಮೇಲಿಟ್ಟ ಟ್ಯಾಬ್ ಮೊದಲು ಬೆಳಕು ತಗ್ಗಿಸ್ತದೆ, ಆಮೇಲೆ ಚಾರ್ಜ್ ನಿಲ್ಲಿಸ್ತದೆ, ಕೊನೆಗೆ ತಾನೇ ಆಫ್ ಆಗ್ತದೆ. ತೂಕವೂ ಅಷ್ಟೇ: ಮೊಬೈಲ್ ಸುಮಾರು 200 ಗ್ರಾಂ, 10 ಇಂಚಿನ ಟ್ಯಾಬ್ ಅರ್ಧ ಕೆಜಿ ಹತ್ತಿರ. ಅಂಗಿ ಜೇಬಿನಲ್ಲಿ ಹಿಡಿಯಲ್ಲ.

ಪರದೆಯ ಗುಣವನ್ನೂ ತಿಳ್ಕೊಳ್ಳಿ. ಈಗಿನ ಪರದೆಗಳು ಬೆರಳಿನ ಸಣ್ಣ ವಿದ್ಯುತ್ ಗುಣದಿಂದ ಸ್ಪರ್ಶ ಗುರುತಿಸ್ತಾವೆ. ನೀರಿನ ಹನಿ ಬಿದ್ದರೆ ತಪ್ಪು ಜಾಗ ಒತ್ತಿದಂತೆ ಆಗ್ತದೆ; ರಬ್ಬರ್ ಕೈಗವಸು ಹಾಕಿದ್ದರೆ ಸ್ಪರ್ಶವೇ ತಿಳಿಯಲ್ಲ. ಔಷಧ ಹೊಡೆಯುವಾಗ ಪರದೆ ಮುಟ್ಟೋಕೆ ಅಂತ ಕೈಗವಸು ತೆಗೀಬೇಡ್ರಿ. ಔಷಧದ ಕೈಯಲ್ಲಿ ಮುಟ್ಟಿದ ಪರದೆಯನ್ನೇ ರಾತ್ರಿ ಮನೆಯ ಮಕ್ಕಳು ಮುಟ್ಟೋದು.

ಮನೆಯ ಕೆಲಸ: ಟ್ಯಾಬಿನ ಬಲ ಇಲ್ಲೈತಿ

ಆರೂವರೆ ಇಂಚಿನ ಮೊಬೈಲಿನ ಪರದೆ ಸುಮಾರು 100 ಚದರ ಸೆಂಟಿಮೀಟರ್. 10 ಇಂಚಿನ ಟ್ಯಾಬಿನದು ಸುಮಾರು 290. ಹತ್ತಿರ ಮೂರು ಪಟ್ಟು. ಪಹಣಿ ಓದೋದು, ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗಡಿ ನೋಡೋದು, ಬ್ಯಾಂಕಿನ ಸಾಲದ ಪತ್ರದ ಸಣ್ಣ ಅಕ್ಷರ ಓದೋದು, ಬೇಸಾಯದ ವಿಡಿಯೋವನ್ನು ಅಪ್ಪ-ಅವ್ವನ ಜೊತೆ ಕೂತು ನೋಡೋದು, ಇವೆಲ್ಲ ದೊಡ್ಡ ಪರದೆಯಲ್ಲಿ ನಿಜವಾಗಿಯೂ ಸಲೀಸು. ಕಣ್ಣು ಮಂಜಾದ ಹಿರಿಯರು ತಮ್ಮ ಪಹಣಿಯನ್ನು ತಾವೇ ಓದಿಕೊಳ್ಳೋದು ಸಣ್ಣ ಮಾತಲ್ಲ.

ಆದರೆ ನಾನು ಟ್ಯಾಬಿಗೆ ಹೆಚ್ಚು ಅಂಕ ಕೊಡೋದು ಒಂದೇ ಕೆಲಸಕ್ಕೆ: ಲೆಕ್ಕ ಬರೆಯೋದು. ಎರಡು ಹಂಗಾಮು ನಾನು ನಮ್ಮ ಹೊಲದ ಖರ್ಚನ್ನು 8 ಇಂಚಿನ ಟ್ಯಾಬಿನಲ್ಲಿ ಬರೆದಿದ್ದೇನೆ. ದಿನಾಂಕ, ಕೆಲಸ, ಸಾಮಾನು, ರೊಕ್ಕ, ಸಾಲವೋ ನಗದೋ ಅಂತ ಐದು ಕಾಲಂ. ಮೊಬೈಲಿನಲ್ಲಿ ಐದು ಕಾಲಂ ಒಟ್ಟಿಗೆ ಕಾಣಲ್ಲ, ಅತ್ತಿತ್ತ ಸರಿಸೋದರಲ್ಲೇ ಬೇಸರ ಬರ್ತದೆ. ಬೇಸರ ಬಂತು ಅಂದ್ರೆ ಲೆಕ್ಕ ನಿಂತಿತು ಅಂತಲೇ ಅರ್ಥ. ಟೈಪಿಂಗ್ ಬಾರದಿದ್ದರೆ ಜಿ-ಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೂ ಬರೀತದೆ.

ಲೆಕ್ಕದಿಂದ ಏನು ಲಾಭ? ಒಂದು ಉದಾಹರಣೆ: ಹತ್ತಿಗೆ ಎಕರೆಗೆ 38,000 ರೂಪಾಯಿ ಖರ್ಚಾಗಿ 8 ಕ್ವಿಂಟಲ್ ಬಂದರೆ, ಕ್ವಿಂಟಲಿಗೆ ನಮ್ಮ ಖರ್ಚು 4,750. ಈ ಅಂಕಿ ಗೊತ್ತಿದ್ದವನು ದರ ಕೇಳುವಾಗ ಕತ್ತಲಲ್ಲಿ ನಿಲ್ಲಲ್ಲ. ಬೀಜ, ಗೊಬ್ಬರ, ಔಷಧವನ್ನು ಸಾಲದ ಮೇಲೆ ತಂದು ಮಾಲು ಅದೇ ಅಂಗಡಿಗೆ ಹಾಕೋರಿಗಂತೂ ಲೆಕ್ಕ ಚುಕ್ತಾ ಮಾಡೋ ದಿನ ಸ್ವಂತ ಬರವಣಿಗೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಅವರ ವಹಿಯೇ ಕೊನೆಯ ಮಾತು.

ಒಂದು ಮಾತು ಸೇರಿಸ್ತೀನಿ: ಇದೇ ಲೆಕ್ಕ 50 ರೂಪಾಯಿಯ ಉದ್ದನೆ ನೋಟ್‌ಬುಕ್ಕಿನಲ್ಲೂ ಬರ್ತದೆ. ಪುಸ್ತಕದಲ್ಲಿ ಒಂದು ತಿಂಗಳು ಬಿಡದೆ ಬರೆಯೋ ರೂಢಿ ಇಲ್ಲದವರಿಗೆ ಟ್ಯಾಬ್ ಬಂದರೂ ಆ ರೂಢಿ ತಾನಾಗಿ ಬರಲ್ಲ.

ಎರಡಕ್ಕೂ ಸಂಬಂಧವಿಲ್ಲದ ಕೆಲಸ

ಬೆರಳಚ್ಚು, ಮುದ್ರಿತ ಪ್ರತಿ, ಸಹಿ ಬೇಕಾದ ಕೆಲಸಕ್ಕೆ ಗ್ರಾಮ ಒನ್, ನಾಡಕಚೇರಿ ಅಥವಾ ಬ್ಯಾಂಕಿಗೆ ಹೋಗಲೇಬೇಕು. ಕೆಲವಕ್ಕೆ ಪರದೆಯೇ ಬೇಡ. ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ತಿಳಿಸಬೇಕು; 14447ಕ್ಕೆ ಫೋನ್ ಮಾಡಿದರೂ ಆಗ್ತದೆ. ಕೃಷಿ ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800-180-1551 ಐತಿ. ಇವಕ್ಕೆ ಗುಂಡಿ ಮೊಬೈಲೂ ಸಾಕು. ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಬರೋ ಹವಾಮಾನ ಸಲಹೆ ಓದೋಕೆ ಈಗಿರೋ ಸ್ಮಾರ್ಟ್‌ಫೋನೇ ಸಾಕು.

ರೊಕ್ಕದ ಲೆಕ್ಕ

ಟ್ಯಾಬಿಗೆ 12,000, ಕವರ್-ಗ್ಲಾಸಿಗೆ 1,000 ಅಂತ ಹಿಡೀರಿ. ಮೂರು ವರ್ಷ ಬಾಳಿದರೆ ತಿಂಗಳಿಗೆ ಸುಮಾರು 360 ರೂಪಾಯಿ. ಒಬ್ಬನೇ ವಿಡಿಯೋ ನೋಡೋಕೆ ಇದು ದುಬಾರಿ. ಅದೇ ಟ್ಯಾಬಿನಲ್ಲಿ ಹಗಲು ತಂಗಿ ಓದಿದರೆ, ಸಂಜೆ ಹೊಲದ ಲೆಕ್ಕ ನಡೆದರೆ, ಅಣ್ಣತಮ್ಮಂದಿರು ನಾಲ್ಕು ಜನ ಬಳಸಿದರೆ ತಲೆಗೆ 90 ರೂಪಾಯಿ. ಸಿಂಪ್ಯೂಟರ್ ಮಾಡಿದವರ ಹಂಚಿಕೊಳ್ಳೋ ಬುದ್ಧಿ ಇಲ್ಲಿ ಉಪಯೋಗಕ್ಕೆ ಬರ್ತದೆ. ಬಡ್ಡಿಗೆ ಸಾಲ ತಂದು ಮಾತ್ರ ಬೇಡ.

ತಗೊಳ್ಳೋದೇ ಆದರೆ ನೋಡಬೇಕಾದ್ದು

- ಹೊಲಕ್ಕೂ ಒಯ್ಯೋದಾದರೆ 8 ಇಂಚು, ಮನೆಗೆ ಮಾತ್ರವಾದರೆ 10 ಇಂಚು.
- ಸಿಮ್ ಹಾಕೋ ಮಾದರಿಗೆ ಬೆಲೆ ಹೆಚ್ಚು. ಮೊಬೈಲ್ ಹಾಟ್‌ಸ್ಪಾಟ್ ಸಾಕಾದರೆ ವೈಫೈ ಮಾದರಿಯೇ ಆಯಿತು.
- ಜಿಪಿಎಸ್ ಐತೋ ಇಲ್ಲೋ ಅಂತ ಡಬ್ಬಿಯ ಮೇಲೆ ಓದ್ರಿ.
- ಅಂಗಡಿಯಿಂದ ಹೊರಗೆ ಬಿಸಿಲಿಗೆ ತಂದು ಪರದೆ ಕಾಣ್ತದೋ ನೋಡ್ರಿ.
- ರಿಪೇರಿ ಮಾನ್ವಿಯಲ್ಲೇ ಆಗ್ತದೋ, ರಾಯಚೂರಿಗೆ ಹೋಗಬೇಕೋ ಮೊದಲೇ ಕೇಳ್ರಿ.
- ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸಾಪಿಗೆ ಬರೋ ಎಪಿಕೆ ಫೈಲ್ ಯಾವತ್ತೂ ಒತ್ತಬೇಡ್ರಿ. ಬ್ಯಾಂಕ್ ಖಾತೆ ಖಾಲಿಯಾಗೋದು ಹೀಗೇ.

ಈ ವಾರದ ಕೆಲಸ

ಒಂದು ಹಾಳೆಯಲ್ಲಿ ಎರಡು ಕಾಲಂ ಗೆರೆ ಎಳೀರಿ. ಏಳು ದಿನ ಮೊಬೈಲಿನಲ್ಲಿ ಮಾಡಿದ ಕೆಲಸಗಳನ್ನು ‘ನಿಂತು ಮಾಡಿದ್ದು’, ‘ಕೂತು ಮಾಡಿದ್ದು’ ಅಂತ ಬರೀರಿ. ಮನರಂಜನೆಯನ್ನು ಸೇರಿಸಬೇಡ್ರಿ. ನಿಂತು ಮಾಡಿದ್ದೇ ಹೆಚ್ಚಿದ್ದರೆ ಒಳ್ಳೆ ಕ್ಯಾಮೆರಾದ ಮೊಬೈಲ್ ಸಾಕು, ಉಳಿದ ದುಡ್ಡು ಹೊಲಕ್ಕೆ ಹಾಕ್ರಿ. ಕೂತು ಮಾಡಿದ್ದು ದಿನಕ್ಕೆ ಒಂದು ತಾಸು ದಾಟಿ, ಮನೆಯಲ್ಲಿ ಇನ್ನಿಬ್ಬರಿಗಾದರೂ ಬೇಕಿದ್ದರೆ ಟ್ಯಾಬ್ ತಗೊಳ್ಳಿ. ಮೊದಲ ದಿನವೇ ಅದರಲ್ಲಿ ಈ ಹಂಗಾಮಿನ ಖರ್ಚಿನ ಪಟ್ಟಿ ತೆರೀರಿ.