ಮೂರಾಣೆಯ ಪ್ರಶ್ನೆ: ಲೋಕಸಭೆಯಲ್ಲಿ ಡಾ. ರಾಮಮನೋಹರ ಲೋಹಿಯಾ

ಪೌರನೀತಿಯ ಪಾಠಗಳಲ್ಲಿ ಸಂಸತ್ತನ್ನು ಕುರಿತು ಹೇಳುವಾಗ ಪ್ರಧಾನಮಂತ್ರಿ, ಮಂತ್ರಿಮಂಡಲ, ಬಹುಮತ ಎಂಬ ಶಬ್ದಗಳು ಸಹಜವಾಗಿಯೇ ಮುಂದೆ ಬರುತ್ತವೆ. ವಿರೋಧ ಪಕ್ಷದ ಪ್ರಸ್ತಾಪ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಆ ಪಕ್ಷದ ಹಿಂದಿನ ಸಾಲಿನಲ್ಲಿ ಕುಳಿತ ಸದಸ್ಯನ ಮಾತಂತೂ ಪುಸ್ತಕದಲ್ಲಿ ಬರುವುದೇ ಇಲ್ಲ. ಅವನ ಕೈಯಲ್ಲಿ ಖಾತೆಯಿಲ್ಲ, ಕಡತವಿಲ್ಲ, ಕಾರ್ಯದರ್ಶಿಗಳ ಪಡೆಯಿಲ್ಲ. ಮತಕ್ಕೆ ಹಾಕಿದರೆ ಸೋಲು ಮೊದಲೇ ನಿಶ್ಚಿತ. ಇಂಥ ಸದಸ್ಯನೊಬ್ಬನು ಸದನದಲ್ಲಿದ್ದು ಸಾಧಿಸಬಹುದಾದುದೇನು ಎಂಬ ಶಂಕೆ ವಿದ್ಯಾರ್ಥಿಗಳಲ್ಲಿ ಮೂಡುವುದು ಸ್ವಾಭಾವಿಕವೇ. ಈ ಶಂಕೆಗೆ ತತ್ತ್ವದ ಮೂಲಕ ಉತ್ತರ ಹೇಳುವುದಕ್ಕಿಂತ, 1963ರಲ್ಲಿ ಭಾರತದ ಲೋಕಸಭೆಯಲ್ಲಿ ನಡೆದ ಒಂದು ಚರ್ಚೆಯನ್ನು ಸಾವಧಾನವಾಗಿ ಪರಿಶೀಲಿಸುವುದು ಹೆಚ್ಚು ಫಲಕಾರಿ.

1962ರ ಮಹಾಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು 494 ಚುನಾಯಿತ ಸ್ಥಾನಗಳಲ್ಲಿ 361ನ್ನು ಗಳಿಸಿತ್ತು. ವಿರೋಧ ಪಕ್ಷಗಳಲ್ಲಿ ದೊಡ್ಡದಾದ ಕಮ್ಯುನಿಸ್ಟ್ ಪಕ್ಷಕ್ಕೆ ದೊರೆತದ್ದು 29. ಲೋಹಿಯಾರವರ ಸೋಷಲಿಸ್ಟ್ ಪಕ್ಷಕ್ಕೆ ದೊರೆತದ್ದು ಆರೇ ಆರು. ಸ್ವತಃ ಲೋಹಿಯಾರವರು ಆ ಚುನಾವಣೆಯಲ್ಲಿ ಫೂಲ್‌ಪುರ ಕ್ಷೇತ್ರದಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂರವರಿಗೆ ಎದುರಾಗಿ ನಿಂತು ಪರಾಜಿತರಾಗಿದ್ದರು. ಅದೇ ವರ್ಷದ ಕೊನೆಯಲ್ಲಿ ಚೀನಾದೊಡನೆ ಯುದ್ಧವಾಯಿತು. ದೇಶದ ಆತ್ಮವಿಶ್ವಾಸ ಕುಗ್ಗಿತು. 1963ರಲ್ಲಿ ನಡೆದ ಉಪಚುನಾವಣೆಗಳಲ್ಲಿ ಅಮ್ರೋಹದಿಂದ ಆಚಾರ್ಯ ಜೆ. ಬಿ. ಕೃಪಲಾನಿ, ರಾಜಕೋಟದಿಂದ ಮಿನೂ ಮಸಾನಿ, ಫರೂಕಾಬಾದಿನಿಂದ ಡಾ. ಲೋಹಿಯಾ ಆಯ್ಕೆಯಾಗಿ ಬಂದರು. ಈ ಮೂವರ ಆಗಮನದಿಂದ ಸದನದ ಬಲಾಬಲ ಬದಲಾಗಲಿಲ್ಲ. ಬದಲಾದುದು ಸದನದಲ್ಲಿ ಕೇಳಿಬರುತ್ತಿದ್ದ ಧ್ವನಿ.

ಲೋಹಿಯಾರವರು ಸದನಕ್ಕೆ ಬಂದಾಗ ಅವರ ವಯಸ್ಸು 53. 1910ರ ಮಾರ್ಚ್ 23ರಂದು ಅಕ್ಬರ್‌ಪುರದಲ್ಲಿ ಜನಿಸಿದ ಅವರು ಬರ್ಲಿನ್ನಿನಲ್ಲಿ ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹವನ್ನು ಕುರಿತು ಪ್ರಬಂಧ ಮಂಡಿಸಿ ಡಾಕ್ಟರೇಟ್ ಪಡೆದವರು. ಬಡವನ ಊಟದ ಚಿಟಿಕೆ ಉಪ್ಪಿನಲ್ಲಿ ಸಾಮ್ರಾಜ್ಯವೊಂದರ ಹಣಕಾಸನ್ನು ಕಂಡವರು, ಮೂವತ್ತು ವರ್ಷಗಳ ತರುವಾಯ ಅದೇ ಬಡವನ ದಿನದ ಖರ್ಚಿನಲ್ಲಿ ಸ್ವತಂತ್ರ ಸರ್ಕಾರದ ಯೋಜನೆಗಳನ್ನು ಅಳೆಯಲು ಹೊರಟದ್ದು ಆಕಸ್ಮಿಕವಲ್ಲ.

1963ರ ಆಗಸ್ಟ್ ತಿಂಗಳಲ್ಲಿ ಕೃಪಲಾನಿಯವರು ಮಂತ್ರಿಮಂಡಲದ ಮೇಲೆ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು. ಸ್ವತಂತ್ರ ಭಾರತದ ಲೋಕಸಭೆ ಚರ್ಚಿಸಿದ ಮೊದಲ ಅವಿಶ್ವಾಸ ನಿರ್ಣಯ ಅದು. ಇಂಥ ನಿರ್ಣಯವನ್ನು ಚರ್ಚೆಗೆ ಅಂಗೀಕರಿಸಬೇಕಾದರೆ ಕನಿಷ್ಠ 50 ಸದಸ್ಯರು ಎದ್ದುನಿಂತು ಬೆಂಬಲಿಸಬೇಕೆಂಬುದು ನಿಯಮ. ಚದರಿಹೋಗಿದ್ದ ವಿರೋಧ ಪಕ್ಷಗಳಿಗೆ ಅಷ್ಟನ್ನು ಒಟ್ಟುಗೂಡಿಸುವುದೇ ಒಂದು ಸಾಹಸವಾಗಿತ್ತು. ಕೊನೆಗೆ ನಿರ್ಣಯದ ಪರವಾಗಿ 62, ವಿರುದ್ಧವಾಗಿ 347 ಮತಗಳು ಬಂದವು. ಫಲಿತಾಂಶವನ್ನಷ್ಟೇ ನೋಡುವವರಿಗೆ ಕಥೆ ಇಲ್ಲಿಗೆ ಮುಗಿಯಿತು.

ಆದರೆ ಆ ಚರ್ಚೆಯ ನಡುವೆ ಲೋಹಿಯಾರವರು ಹಿಂದಿಯಲ್ಲಿ ಮಾತನಾಡುತ್ತ ಒಂದು ಅಂಕಿಯನ್ನು ಸದನದ ಮುಂದಿಟ್ಟಿದ್ದರು. ದೇಶದ 27 ಕೋಟಿ ಜನರು ದಿನಕ್ಕೆ ಮೂರಾಣೆಯಲ್ಲಿ ಜೀವಿಸುತ್ತಿದ್ದಾರೆ ಎಂಬುದು ಅವರ ಆಪಾದನೆ. ಇದರ ಎದುರಿಗೆ, ಪ್ರಧಾನಿಯ ಮೇಲೆ ದಿನಕ್ಕೆ 25,000 ರೂಪಾಯಿ ವೆಚ್ಚವಾಗುತ್ತಿದೆ ಎಂಬ ಇನ್ನೊಂದು ಅಂಕಿಯನ್ನೂ ಅವರು ನಿಲ್ಲಿಸಿದರು. ಮೂರಾಣೆಯ ಲೆಕ್ಕದಲ್ಲಿ ಅದು ಒಂದು ಲಕ್ಷ ಮೂವತ್ತಮೂರು ಸಾವಿರ ಜನರ ಒಂದು ದಿನದ ಬದುಕು. ಈ ಎರಡನೆಯ ಅಂಕಿ ಸಭೆಯಲ್ಲಿ ಹೆಚ್ಚು ಬಿಸಿಯನ್ನು ಹುಟ್ಟಿಸಿತಾದರೂ ವಿಚಾರದೃಷ್ಟಿಯಿಂದ ಅದರ ತೂಕ ಕಡಿಮೆ. ಪದವಿಗೆ ತಗಲುವ ವೆಚ್ಚವನ್ನು ಆ ಪದವಿಯಲ್ಲಿರುವ ವ್ಯಕ್ತಿಯ ಲೆಕ್ಕಕ್ಕೆ ಬರೆಯುವುದು ಎಷ್ಟರಮಟ್ಟಿಗೆ ನ್ಯಾಯವೆಂಬ ಪ್ರಶ್ನೆ ಅಲ್ಲಿ ಉಳಿದೇ ಉಳಿಯುತ್ತದೆ. ಲೋಹಿಯಾರವರ ವಾಗ್ವೈಖರಿಯಲ್ಲಿ ವ್ಯಕ್ತಿನಿಂದೆಯ ಕಡೆಗೆ ಜಾರುವ ದೋಷವಿತ್ತೆಂಬುದನ್ನು ಅವರ ಅಭಿಮಾನಿಗಳೂ ಮರೆಮಾಚಬೇಕಾಗಿಲ್ಲ. ಸದನವನ್ನು ಕಡೆಯವರೆಗೆ ಕಾಡಿದ್ದು ಮೊದಲನೆಯ ಅಂಕಿ.

ಪ್ರಧಾನಿಯವರು ಅದನ್ನು ಒಪ್ಪಲಿಲ್ಲ. ಯೋಜನಾ ಆಯೋಗದ ಲೆಕ್ಕದ ಪ್ರಕಾರ ದಿನದ ಸರಾಸರಿ ಆದಾಯ ಹದಿನೈದಾಣೆ ಎಂದು ಅವರು ಪ್ರತಿಯಾಗಿ ಹೇಳಿದರು. ಮೂರಕ್ಕೂ ಹದಿನೈದಕ್ಕೂ ಐದು ಪಟ್ಟು ಅಂತರ. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಆಪಾದನೆ ಒಂದು ಕಡೆ, ನಿರಾಕರಣೆ ಇನ್ನೊಂದು ಕಡೆ ದಾಖಲಾಗಿ ವಿಷಯ ತಣ್ಣಗಾಗುತ್ತದೆ. ಹಿಂದಿನ ಸಾಲಿನ ಸದಸ್ಯನ ನಿಜವಾದ ಪರೀಕ್ಷೆ ಇರುವುದು ಈ ಘಟ್ಟದಲ್ಲಿಯೇ. ಲೋಹಿಯಾರವರು ವಿಷಯವನ್ನು ಬಿಡಲಿಲ್ಲ. ಎರಡು ಲೆಕ್ಕಗಳಲ್ಲಿ ಯಾವುದು ಸತ್ಯವೆಂಬುದನ್ನು ಸದನವೇ ಪ್ರತ್ಯೇಕವಾಗಿ ಚರ್ಚಿಸಬೇಕೆಂದು ಪಟ್ಟುಹಿಡಿದರು. ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಭಾರತೀಯನ ದಿನದ ಗಳಿಕೆ ಎಷ್ಟು ಎಂಬ ಒಂದೇ ವಿಷಯದ ಮೇಲೆ ಲೋಕಸಭೆಯಲ್ಲಿ ಚರ್ಚೆ ನಡೆಯಿತು.

ಇಲ್ಲಿ ಗಣಿತದ ಪಾಠವೊಂದನ್ನು ಜ್ಞಾಪಿಸಿಕೊಳ್ಳುವುದು ಅವಶ್ಯಕ. ನಲವತ್ತು ವಿದ್ಯಾರ್ಥಿಗಳ ತರಗತಿಯೊಂದರಲ್ಲಿ ಹತ್ತು ಮಂದಿ ತಲಾ 80 ಅಂಕಗಳನ್ನೂ, ಮೂವತ್ತು ಮಂದಿ ತಲಾ 25 ಅಂಕಗಳನ್ನೂ ಪಡೆದರೆಂದು ಭಾವಿಸೋಣ. ತರಗತಿಯ ಸರಾಸರಿ 38.75. ಉತ್ತೀರ್ಣರಾಗಲು 35 ಸಾಕು. ಸರಾಸರಿ ಉತ್ತೀರ್ಣವಾಯಿತು, ಮೂವತ್ತು ಮಕ್ಕಳು ಅನುತ್ತೀರ್ಣರಾದರು. ಪ್ರಧಾನಿಯವರ ಹದಿನೈದಾಣೆ ಸುಳ್ಳಾಗಿರಲಿಲ್ಲ. ಗಿರಣಿಯ ಒಡೆಯನಿಂದ ಹಿಡಿದು ಗದ್ದೆಯ ಕೂಲಿಯವರೆಗೆ ಎಲ್ಲರನ್ನೂ ಒಂದೇ ರಾಶಿಗೆ ಸುರಿದು ತೆಗೆದ ಸರಾಸರಿ ಅದು. ಲೋಹಿಯಾರವರು ಕೇಳುತ್ತಿದ್ದದ್ದು ರಾಶಿಯ ತಳದಲ್ಲಿದ್ದವರ ಲೆಕ್ಕವನ್ನು. 1961ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 44 ಕೋಟಿ. 27 ಕೋಟಿಯೆಂದರೆ ನೂರಕ್ಕೆ ಅರವತ್ತಕ್ಕಿಂತ ತುಸು ಹೆಚ್ಚು. ಪ್ರಶ್ನೆ ಕೇಳಿದ್ದು ಒಂದನ್ನು ಕುರಿತು, ಉತ್ತರ ಬಂದದ್ದು ಇನ್ನೊಂದನ್ನು ಕುರಿತು. ಪ್ರಶ್ನೋತ್ತರದ ಕಲೆಯನ್ನು ಬಲ್ಲ ಸದಸ್ಯನು ಮೊದಲು ಗಮನಿಸಬೇಕಾದ ಅಂಶವೇ ಇದು.

ಯೋಜನಾ ಖಾತೆಯನ್ನು ಅನೇಕ ವರ್ಷ ನಿರ್ವಹಿಸಿ ಅದರ ಒಳಹೊರಗನ್ನು ಅರಿತಿದ್ದ ಗುಲ್ಜಾರಿಲಾಲ್ ನಂದಾರವರು ಸರ್ಕಾರದ ಪರವಾಗಿ ಮಾತನಾಡಿದರು. ಜನಸಂಖ್ಯೆಯ ಕೆಳಗಿನ ಶೇಕಡಾ 60ರಷ್ಟು ಮಂದಿಯ ಪಾಲಿಗೆ ದಿನಕ್ಕೆ ಏಳೂವರೆ ಆಣೆ ಬೀಳುತ್ತದೆಂಬ ಅಂಕಿ ಅವರಿಂದ ಬಂತು. ಲೋಹಿಯಾರವರ ಮೂರಾಣೆ ತಪ್ಪೆಂದು ತೋರಿಸುವುದಕ್ಕಾಗಿಯೇ ಕೊಟ್ಟ ಅಂಕಿ ಅದು. ಆದರೆ ಅದನ್ನು ಕೊಟ್ಟ ಕ್ಷಣವೇ ಪ್ರಧಾನಿಯವರ ಹದಿನೈದಾಣೆ ಬಹುಸಂಖ್ಯಾತರ ಪಾಲಿಗೆ ಅರ್ಧಕ್ಕೆ ಇಳಿದಿತ್ತು. ಎರಡೂ ಒಂದೇ ಆಧಾರದ ಲೆಕ್ಕಗಳೆಂದು ಭಾವಿಸಿದರೆ, ಮೇಲಿನ ಶೇಕಡಾ 40ರಷ್ಟು ಜನರಿಗೆ ತಲಾ ಇಪ್ಪತ್ತಾರೂಕಾಲು ಆಣೆ ಸಲ್ಲುತ್ತಿತ್ತೆಂದಾಗುತ್ತದೆ. ಕೆಳಗಿನವರಿಗಿಂತ ಮೂರೂವರೆ ಪಟ್ಟು. ಯಾವ ಸದಸ್ಯನ ಹಿಂದೆ ಆರೇಳು ಮತಗಳಿಗಿಂತ ಹೆಚ್ಚಿರಲಿಲ್ಲವೋ ಅವನ ಒತ್ತಾಯಕ್ಕೆ ಸರ್ಕಾರವೇ ತನ್ನ ಬಾಯಿಂದ ಈ ಲೆಕ್ಕವನ್ನು ಹೇಳಬೇಕಾಯಿತು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಹೋಲಿಕೆಯುಂಟು. 1962ರ ಜುಲೈ ತಿಂಗಳಲ್ಲಿ ಸರ್ಕಾರವು ಕರೆದಿದ್ದ ತಜ್ಞರ ಕಾರ್ಯತಂಡವೊಂದು, ಶಿಕ್ಷಣ ಮತ್ತು ಆರೋಗ್ಯದ ವೆಚ್ಚವನ್ನು ಬಿಟ್ಟು, ಒಬ್ಬ ವ್ಯಕ್ತಿಯ ಕನಿಷ್ಠ ಜೀವನಕ್ಕೆ 1960–61ರ ಬೆಲೆಗಳಲ್ಲಿ ತಿಂಗಳಿಗೆ 20 ರೂಪಾಯಿ ಬೇಕೆಂದು ಗೊತ್ತುಮಾಡಿತ್ತು. ದಿನದ ಲೆಕ್ಕಕ್ಕೆ ತಂದರೆ ಅದು ಹತ್ತೂವರೆ ಆಣೆಗಿಂತ ತುಸು ಹೆಚ್ಚು. ಅಂದರೆ ನಂದಾರವರ ಏಳೂವರೆ ಆಣೆಯನ್ನೇ ಪೂರ್ಣ ಸತ್ಯವೆಂದು ಅಂಗೀಕರಿಸಿದರೂ, ಸರ್ಕಾರವೇ ಎಳೆಸಿದ ಗೆರೆಯ ಕೆಳಗೆ ಕೋಟಿಗಟ್ಟಲೆ ಜನರು ನಿಂತಿದ್ದರು. ಮೂರಾಣೆಯೋ ಏಳೂವರೆ ಆಣೆಯೋ ಎಂಬ ವಾದದ ಗದ್ದಲದಲ್ಲಿ ಈ ಅಂಶ ಬಹುಮಂದಿಯ ಗಮನಕ್ಕೆ ಬಾರದೆ ಹೋಗಿರಲೂಬಹುದು.

ಹಾಗಾದರೆ ಮೂರಾಣೆ ಸರಿಯೇ? ಪ್ರಾಮಾಣಿಕವಾಗಿ ಹೇಳುವುದಾದರೆ, 27 ಕೋಟಿ ಜನರ ಸರಾಸರಿಯಾಗಿ ಅದು ತೀರ ಕೆಳಗಿನದೆಂದು ತೋರುತ್ತದೆ. ಮೂರಾಣೆಯೆಂದರೆ ತಿಂಗಳಿಗೆ ಐದು ರೂಪಾಯಿ ಹತ್ತಾಣೆ ಮಾತ್ರ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರು 1971ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವು, 1960–61ರ ಬೆಲೆಗಳಲ್ಲಿ ಹಳ್ಳಿಯವನಿಗೆ ತಿಂಗಳಿಗೆ 15 ರೂಪಾಯಿ, ಪಟ್ಟಣದವನಿಗೆ ಇಪ್ಪತ್ತೆರಡೂವರೆ ರೂಪಾಯಿ ಕನಿಷ್ಠವೆಂದು ಇಟ್ಟುಕೊಂಡಿತು. ಆ ಮಟ್ಟವನ್ನು ಮುಟ್ಟದವರು ಗ್ರಾಮಾಂತರದಲ್ಲಿ ಶೇಕಡಾ 40ರಷ್ಟು, ಪಟ್ಟಣಗಳಲ್ಲಿ ಶೇಕಡಾ 50ರಷ್ಟು ಎಂಬುದು ಅವರ ಅಂದಾಜು. ಹಳ್ಳಿಯ 15 ರೂಪಾಯಿಯನ್ನು ದಿನಕ್ಕೆ ಹಂಚಿದರೆ ಎಂಟಾಣೆ. ಈ ಅಳತೆಯಿಂದ ನೋಡಿದರೆ ನಂದಾರವರ ಅಂಕಿ ವಾಸ್ತವಕ್ಕೆ ಹೆಚ್ಚು ಸಮೀಪ, ಲೋಹಿಯಾರವರ ಪ್ರಶ್ನೆ ವಾಸ್ತವಕ್ಕೆ ಇನ್ನೂ ಸಮೀಪ. ಅಂಕಿಯಲ್ಲಿ ಎಡವಿದವನು ಪ್ರಶ್ನೆಯಲ್ಲಿ ಎಡವಿರಲಿಲ್ಲ. ಆದರೂ ಅಂಕಿಯ ವಿಷಯದಲ್ಲಿ ಅವರು ಇನ್ನಷ್ಟು ಎಚ್ಚರದಿಂದಿದ್ದರೆ ವಿರೋಧಿಗಳಿಗೆ ಹಗುರವಾದ ಆಯುಧವೊಂದು ಸಿಗುತ್ತಿರಲಿಲ್ಲ.

ಬೆಳೆದ ರಾಷ್ಟ್ರೀಯ ವರಮಾನ ಯಾರ ಪಾಲಾಯಿತು ಎಂಬ ಪ್ರಶ್ನೆ ಸರ್ಕಾರಕ್ಕೆ ತಿಳಿಯದ್ದೇನಲ್ಲ. ಅದನ್ನು ಪರಿಶೀಲಿಸಲೆಂದು ಪ್ರೊ. ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ 1960ರಲ್ಲಿಯೇ ಸಮಿತಿಯೊಂದನ್ನು ನೇಮಿಸಲಾಗಿತ್ತು. ಅದರ ವರದಿಯ ಮೊದಲ ಭಾಗ ಬಂದದ್ದು 1964ರಲ್ಲಿ. ಸಮಿತಿಗಳ ಕೋಣೆಯಲ್ಲಿ ನಿಧಾನವಾಗಿ ನಡೆದಿದ್ದ ಈ ವಿಚಾರವನ್ನು ಸಂತೆಯಲ್ಲಿ ತರಕಾರಿ ಮಾರುವ ಹೆಂಗಸಿಗೂ ಅರ್ಥವಾಗುವ ಮಾತಿಗೆ ಇಳಿಸಿದ್ದು ಲೋಹಿಯಾರವರ ಸಾಧನೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದಶಮಾಂಶ ನಾಣ್ಯಪದ್ಧತಿ 1957ರ ಏಪ್ರಿಲ್ 1ರಿಂದಲೇ ಜಾರಿಗೆ ಬಂದು, ಕಾನೂನಿನ ದೃಷ್ಟಿಯಲ್ಲಿ ಹಣದ ಎಣಿಕೆಯೆಲ್ಲ ನಯೇ ಪೈಸೆಗಳಿಗೆ ತಿರುಗಿತ್ತು. ಮೂರಾಣೆಯನ್ನು ಹದಿನೆಂಟೂಮುಕ್ಕಾಲು ನಯೇ ಪೈಸೆ ಎಂದು ಹೇಳಿದ್ದರೆ ಆ ಮಾತು ಸದನದ ಗೋಡೆಯನ್ನು ದಾಟುತ್ತಿರಲಿಲ್ಲ. ಜನರು ಇನ್ನೂ ಆಣೆಯಲ್ಲಿಯೇ ಎಣಿಸುತ್ತಿದ್ದರು. ಪ್ರಧಾನಿಯೂ ಮಂತ್ರಿಯೂ ಆಣೆಯಲ್ಲಿಯೇ ಉತ್ತರ ಕೊಡಬೇಕಾಯಿತು.

ಜನರ ಭಾಷೆ ಸದನದ ಭಾಷೆಯಾಗಬೇಕೆಂಬ ಲೋಹಿಯಾರವರ ಈ ನಿಲುವಿಗೆ ಕನ್ನಡನಾಡಿನೊಡನೆಯೂ ಸಂಬಂಧವುಂಟು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾಗಿದ್ದರು. ಶಾಂತವೇರಿ ಗೋಪಾಲಗೌಡರಾದಿಯಾಗಿ ಮಲೆನಾಡಿನ ಸಮಾಜವಾದಿಗಳು ವಿಧಾನಸಭೆಯ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತು ಗೇಣಿದಾರನ ಮಾತನ್ನಾಡಿದ್ದು ಆ ಪರಂಪರೆಯಲ್ಲಿಯೇ. 1967ರ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತನಾಡಿದರು. ಸಂವಿಧಾನದ 120ನೆಯ ವಿಧಿಯಂತೆ ಸಂಸತ್ತಿನ ಕಾರ್ಯಕಲಾಪ ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಆ ಎರಡರಲ್ಲಿ ತನ್ನ ವಿಚಾರವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ಇಂಗ್ಲಿಷ್ ಬಲ್ಲವರಾಗಿದ್ದ ಪಟೇಲರು ಈ ಅವಕಾಶವನ್ನು ಹಕ್ಕೆಂಬಂತೆ ಬಳಸಿಕೊಂಡರು. ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರು ಅಡ್ಡಿಪಡಿಸದೆ ಅನುಮತಿ ಕೊಟ್ಟರು. ಅದೂ ಹಿಂದಿನ ಸಾಲಿನಿಂದ ಬಂದ ಧ್ವನಿಯೇ. ಪಟೇಲರು ಆಗ ಮೊದಲ ಬಾರಿಗೆ ಲೋಕಸಭೆಗೆ ಬಂದವರು.

ಅದೇ ಚುನಾವಣೆಯಲ್ಲಿ ಲೋಹಿಯಾರವರು ಕನ್ನೌಜಿನಿಂದ ಅತ್ಯಲ್ಪ ಅಂತರದಲ್ಲಿ ಗೆದ್ದಿದ್ದರು. ಗುರುವೂ ಅನುಯಾಯಿಯೂ ಒಂದೇ ಸದನದಲ್ಲಿದ್ದದ್ದು ಕೆಲವು ತಿಂಗಳು ಮಾತ್ರ. 1967ರ ಅಕ್ಟೋಬರ್ 12ರಂದು ದೆಹಲಿಯ ವಿಲ್ಲಿಂಗ್‌ಡನ್ ಆಸ್ಪತ್ರೆಯಲ್ಲಿ ಲೋಹಿಯಾರವರು ತೀರಿಕೊಂಡರು. ಅವರು ಲೋಕಸಭೆಯಲ್ಲಿ ಕಳೆದ ಕಾಲವನ್ನೆಲ್ಲ ಕೂಡಿಸಿದರೂ ನಾಲ್ಕೂವರೆ ವರ್ಷ ತುಂಬುವುದಿಲ್ಲ.