ಇನ್ನೂರರ ಪೆಟ್ರೋಲ್, ಎಪ್ಪತ್ತೆಂಟು ಲಕ್ಷದ ಹಾಕಿ

ಬಂಕಿನಲ್ಲಿ ಲೀಟರ್ ಲೆಕ್ಕ ಹೇಳಿ ಪೆಟ್ರೋಲ್ ಹಾಕಿಸುವವರು ಕಡಿಮೆ. ‘ಇನ್ನೂರಕ್ಕೆ ಹಾಕಿ’ ಅನ್ನುತ್ತೇವೆ, ಮೀಟರ್ ಸೊನ್ನೆಯಲ್ಲಿದೆಯೇ ಎಂದು ನೋಡಿ ಸುಮ್ಮನಾಗುತ್ತೇವೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದಾಗಲೂ ನಾನು ಕೊಟ್ಟದ್ದು ಅದೇ ಇನ್ನೂರು. ಬೆಂಗಳೂರಿನಲ್ಲಿ 99.84 ರೂಪಾಯಿ ಇದ್ದ ಲೀಟರಿನ ಬೆಲೆ ಮೂರು ರೂಪಾಯಿ ಏರಿತ್ತು. ಟ್ಯಾಂಕಿಗೆ ಬೀಳುವುದು ಎರಡು ಲೀಟರಿಗಿಂತ ತುಸು ಕಡಿಮೆಯಾಯಿತು, ಅಷ್ಟೆ. ನನ್ನ ಸ್ಕೂಟರ್ ತಿಂಗಳಿಗೆ ಕುಡಿಯುವುದು ಸುಮಾರು ಇಪ್ಪತ್ತು ಲೀಟರ್. ಅರವತ್ತು ರೂಪಾಯಿಗಾಗಿ ಸರ್ಕಾರವನ್ನು ಬೈಯಲು ನನಗೆ ಮನಸ್ಸಿಲ್ಲ.

ಡೀಸೆಲ್ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಆಗ ಶೇ 14.3ರಿಂದ 18.4ಕ್ಕೆ ಹೋದ ತೆರಿಗೆ, 2025ರ ಏಪ್ರಿಲ್ 1ರಿಂದ ಶೇ 21.17 ಆಯಿತು, ಬೆಲೆ 91 ರೂಪಾಯಿ ದಾಟಿತು. ಅದೇ ದಿನ ನಂದಿನಿ ಹಾಲು ನಾಲ್ಕು ರೂಪಾಯಿ ಏರಿತು. ಬಸ್ ದರ ಜನವರಿಯಲ್ಲೇ ಶೇ 15 ಹೆಚ್ಚಿತ್ತು. ಎಲ್ಲಕ್ಕೂ ಡೀಸೆಲ್ ಒಂದೇ ಕಾರಣವಲ್ಲ, ಒಪ್ಪುತ್ತೇನೆ. ಹೆಚ್ಚಿನ ನೆರೆರಾಜ್ಯಗಳಿಗಿಂತ ನಮ್ಮಲ್ಲಿ ಅಗ್ಗ ಎಂಬ ಸರ್ಕಾರದ ಸಮಜಾಯಿಷಿಯೂ ಆಗ ಸುಳ್ಳಾಗಿರಲಿಲ್ಲ. ಆದರೆ ಪೆಟ್ರೋಲ್ ತೆರಿಗೆ ನನ್ನ ಜೇಬಿಗೆ ನೇರವಾಗಿ ಕೈ ಹಾಕುತ್ತದೆ. ಡೀಸೆಲ್ ತೆರಿಗೆ ಟೊಮೆಟೊ, ಸಿಮೆಂಟ್, ಶಾಲೆಯ ವ್ಯಾನಿನ ಫೀಸು ಅಂತ ವೇಷ ಹಾಕಿಕೊಂಡು ಬರುತ್ತದೆ. ಸ್ಕೂಟರೇ ಇಲ್ಲದವರೂ ಅದನ್ನು ಕಟ್ಟುತ್ತಾರೆ. ಅದರ ಮೇಲೆ, ರಾಜ್ಯದ ತೆರಿಗೆಯನ್ನು ಹಾಕುವುದು ಕೇಂದ್ರದ ಅಬಕಾರಿ ಸುಂಕವೂ ಸೇರಿದ ಬೆಲೆಯ ಮೇಲೆ. ತೆರಿಗೆಗೇ ತೆರಿಗೆ!

ಬಂಕಿನ ಲೆಕ್ಕ ಅಷ್ಟು. ಇನ್ನು ಹಾಕಿ ಆಟದ ಲೆಕ್ಕ. 2024ರ ಅಕ್ಟೋಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಸೂರ್ಮಾ ಕ್ಲಬ್ ಪಾಲಾದರು. ಅಂದು ರಾತ್ರಿ ಗೋಣಿಕೊಪ್ಪದ ಗೆಳೆಯನ ಫೋನು: ‘ನೋಡಿದ್ಯೇನೋ, ಹಾಕಿಯಲ್ಲೂ ದುಡ್ಡು ಬಂತು!’ ಅವನ ಮಗ ಫುಲ್‌ಬ್ಯಾಕ್. ಸ್ಟಿಕ್ಕು, ಟರ್ಫ್ ಶೂ ಅಂತ ಅಪ್ಪನ ಕಾಫಿ ದುಡ್ಡು ಕರಗಿದ್ದನ್ನು ನಾನು ಕಂಡಿದ್ದೇನೆ. ತಣ್ಣೀರೆರಚುವುದು ನನ್ನ ಕಸುಬಾದ್ದರಿಂದ ಲೆಕ್ಕ ಹೇಳಿದೆ. ಹರಾಜಿನ ಅತಿ ದೊಡ್ಡ ಮೊತ್ತವೇ 78 ಲಕ್ಷ. ಅದರ ಮೇಲೆ ಶೇ 30ರವರೆಗೆ ಆದಾಯ ತೆರಿಗೆ, ಜೊತೆಗೆ ಸರ್ಚಾರ್ಜ್. ಒಂದು ತಂಡ ತನ್ನ ಎಲ್ಲ ಆಟಗಾರರಿಗೂ ಸೇರಿಸಿ ಖರ್ಚು ಮಾಡಬಹುದಾದದ್ದು 4 ಕೋಟಿ. ಮರುತಿಂಗಳೇ ಐಪಿಎಲ್‌ನಲ್ಲಿ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಬಂದಾಗ ಆ ಲೆಕ್ಕ ಇನ್ನೂ ಚಿಕ್ಕದಾಗಿ ಕಂಡಿತು. ಮುಖ್ಯವಾಗಿ, 2013ರಲ್ಲಿ ಶುರುವಾದ ಈ ಲೀಗ್ 2017ರ ನಂತರ ಏಳು ವರ್ಷ ನಡೆಯಲೇ ಇಲ್ಲ. ಆಟಗಾರನ ಕಾಲು ಗಟ್ಟಿಯಿರುವುದು ಕೆಲವೇ ವರ್ಷ.

ಹಾಗಾದರೆ ಹಾಕಿಯವರ ಮನೆಯ ಒಲೆ ಉರಿಯುವುದು ಹೇಗೆ? ನೌಕರಿಯಿಂದ. ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು. ಜೊತೆಗೆ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂನಂಥ ತೈಲ ಕಂಪನಿಗಳು. ಅವು ಆಟಗಾರರನ್ನು ಸಂಬಳಕ್ಕೆ ಇಟ್ಟುಕೊಂಡು ತಂಡ ಕಟ್ಟುತ್ತವೆ. ಲೀಗ್ ನಿಂತ ಏಳು ವರ್ಷವೂ ಆ ಸಂಬಳ ನಿಲ್ಲಲಿಲ್ಲ. ಹೀಗಾಗಿ ಗೆಳೆಯನ ಮಗನಿಗೆ ನಾನು ಹೇಳಿದ್ದು: ಹರಾಜಿನ ಕನಸು ಇರಲಿ, ಮೊದಲು ಕ್ರೀಡಾ ಕೋಟಾದ ಅರ್ಜಿ ತುಂಬು, ಪಿಎಫ್ ಇರುವ ಕಡೆ ಸೇರು. ‘ಅಂಕಲ್, ನೀವು ಬರೀ ಡಿಫೆನ್ಸ್ ಆಡಿಸ್ತೀರಿ’ ಅಂದ. ಫುಲ್‌ಬ್ಯಾಕ್ ಬಾಯಲ್ಲಿ ಈ ಮಾತು!

ಮತ್ತೆ ಶುರುವಾದ ಲೀಗಿನ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ರಘುನಾಥ್, ಸುನಿಲ್ ಅವರಂಥ ಹಾಕಿ ಆಟಗಾರರನ್ನು ಕೊಟ್ಟ ಕೊಡಗು ಇರುವ ರಾಜ್ಯ ಇದು. ಒಡಿಶಾ 2018ರಿಂದ ಭಾರತ ತಂಡಗಳನ್ನೇ ಪ್ರಾಯೋಜಿಸುತ್ತಿದೆ, ನಾವೂ ತೆರಿಗೆ ದುಡ್ಡಲ್ಲಿ ತಂಡ ಕೊಳ್ಳೋಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಂಡ ಕೊಳ್ಳುವುದು ಉದ್ಯಮಿಗಳಿಗೆ ಬಿಟ್ಟದ್ದು. ಸರ್ಕಾರ ಟರ್ಫ್ ಹಾಸಲಿ, ಕ್ರೀಡಾ ಕೋಟಾದ ಹುದ್ದೆಗಳನ್ನು ಖಾಲಿ ಬಿಡದೆ ತುಂಬಲಿ. ಹಾಗೆಯೇ ಬಂಕಿನ ರಸೀದಿಯಲ್ಲಿ ಕೇಂದ್ರಕ್ಕೆ ಎಷ್ಟು, ರಾಜ್ಯಕ್ಕೆ ಎಷ್ಟು ಎಂದು ಬಿಡಿಸಿ ಅಚ್ಚು ಹಾಕಿಸಲಿ. ಹೋಟೆಲಿನ ಬಿಲ್ಲಿನಲ್ಲಿ ಇರುವ ವಿವರ ಪೆಟ್ರೋಲಿಗೂ ಇರಲಿ.