ಎರಡು ಮನೆಗಳ ನಡುವೆ ಒಂದು ಫೋನು

ದಾಂಪತ್ಯವು ನ್ಯಾಯಾಲಯದಲ್ಲಿ ಕೊನೆಗಾಣಬಹುದು. ತಂದೆತನ ತಾಯ್ತನಗಳಿಗೆ ಅಂತಹ ಕೊನೆಯಿಲ್ಲ. ಶರಣರಲ್ಲಿ ಅನೇಕರು ಸಂಸಾರದೊಳಗಿದ್ದೇ ನಡೆ-ನುಡಿಗಳನ್ನು ಒಂದುಗೂಡಿಸಿ ಬಾಳಿದರು. ಆ ಸಂಸಾರವೇ ಒಡೆದು ಎರಡು ಮನೆಗಳಾದಾಗ ಈ ದಾರಿ ಹೇಗೆ ಸಲ್ಲುವುದೆಂಬ ಪ್ರಶ್ನೆ ಇಂದಿನ ಕೆಲವು ಗೃಹಸ್ಥರನ್ನು ಕಾಡುತ್ತಿದೆ. ದಿನನಿತ್ಯದಲ್ಲಿ ಅದು ತಲೆಯೆತ್ತುವುದು ಹದಿನಾಲ್ಕು ವರ್ಷದ ಮಗಳ ಕೈಯ ಫೋನಿನ ವಿಷಯವಾಗಿ.

ಹೊಸನಗರ ತಾಲ್ಲೂಕಿನ ಹುಲಿಕಲ್ಲನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ಘಾಟಿಯ ತಲೆಯ ಮೇಲಿನ ಆ ಊರಿನ ತವರಿನಲ್ಲಿ ತಾಯಿ ಮಗಳೊಡನೆ ಇದ್ದಾಳೆ, ತಂದೆ ಉದ್ಯೋಗನಿಮಿತ್ತ ಬೆಂಗಳೂರಿನಲ್ಲಿದ್ದಾನೆ ಎಂದಿಟ್ಟುಕೊಂಡರೆ, ಜಗಳದ ರೂಪ ಬಹುಮಟ್ಟಿಗೆ ಹೀಗಿರುತ್ತದೆ. ತಾಯಿಯ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಫೋನು ಅಡುಗೆಮನೆಯ ಗೂಡು ಸೇರಬೇಕು. ರಜೆಯಲ್ಲಿ ಮಗಳು ಹೋದಾಗ ತಂದೆಯ ಮನೆಯಲ್ಲಿ ಹೊತ್ತುಗೊತ್ತಿಲ್ಲ. ಫೋನನ್ನು ಕೊಡಿಸಿದವನೂ ಅವನೇ. ತಾಯಿ ಬೇಡವೆಂದುದಕ್ಕೆ ತಂದೆ, 'ಇರಲಿ ಬಿಡು, ಅಮ್ಮನಿಗೆ ಹೇಳಬೇಡ' ಎನ್ನುತ್ತಾನೆ. ಇಲ್ಲಿ ಸಿಗದ ಅನುಮತಿಯನ್ನು ಅಲ್ಲಿಂದ ಪಡೆಯುವ ಉಪಾಯವನ್ನು ಮಗಳು ಬಹುಬೇಗ ಕಲಿಯುತ್ತಾಳೆ. ಅದು ಅವಳ ದೋಷವೆನ್ನಲಾಗದು; ಆ ವಿದ್ಯೆಗೆ ಗುರುಗಳು ಹಿರಿಯರೇ.

ಕಾಯಿದೆಯ ಮಾತನ್ನೂ ತಿಳಿದಿರುವುದು ಒಳ್ಳೆಯದು. 1955ರ ಹಿಂದೂ ವಿವಾಹ ಕಾಯಿದೆಯು ತನ್ನ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ನಮ್ಮ ಸಮಾಜವನ್ನು ಒಳಗೊಂಡಿದೆ. 26ನೆಯ ಕಲಮಿನಂತೆ ನ್ಯಾಯಾಲಯವು ಮಕ್ಕಳ ಪಾಲನೆ, ಪೋಷಣೆ, ವಿದ್ಯಾಭ್ಯಾಸಗಳ ಬಗ್ಗೆ, ಸಾಧ್ಯವಾದಲ್ಲೆಲ್ಲ ಅವರ ಇಷ್ಟವನ್ನೂ ಗಮನಿಸಿ, ಆಜ್ಞೆ ಮಾಡಬಹುದು, ತರುವಾಯ ಬದಲಿಸಲೂಬಹುದು. ಪೋಷಕತ್ವವನ್ನು ಕುರಿತ 1956ರ ಕಾಯಿದೆಯು ಅಪ್ರಾಪ್ತ ವಯಸ್ಕರ ಕ್ಷೇಮವನ್ನೇ ಪರಮವೆಂದಿದೆ. ಫೋನು ಎಷ್ಟು ಹೊತ್ತಿಗೆ ಗೂಡು ಸೇರಬೇಕೆಂಬುದನ್ನು ಇವೆರಡೂ ಹೇಳವು. ದೂರದ ಆಸ್ಟ್ರೇಲಿಯಾ ದೇಶವು ಹದಿನಾರರೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು 2025ರ ಡಿಸೆಂಬರ್ 10ರಿಂದ ತಡೆದಿದೆ. ಆದರೂ ರಾತ್ರಿ ಫೋನು ಯಾರ ದಿಂಬಿನ ಬಳಿ ಇರಬೇಕೆಂಬುದು ಅಲ್ಲಿಯೂ ಹೆತ್ತವರ ಪಾಲಿಗೇ ಉಳಿದಿದೆ.

ಎರಡೂ ಮನೆಗಳ ಕಟ್ಟಳೆ ಅಕ್ಷರಶಃ ಒಂದೇ ಆಗಬೇಕೆಂಬ ಹಟ ಅನಾವಶ್ಯಕ. ಅಜ್ಜಿಯ ಮನೆಯ ರೀತಿ ಬೇರೆ, ಶಾಲೆಯ ರೀತಿ ಬೇರೆ ಎಂಬುದನ್ನು ಮಕ್ಕಳು ಸಹಜವಾಗಿಯೇ ಅರಿಯುತ್ತಾರೆ. ಗಮನಿಸಬೇಕಾದುದು ಬೇರೊಂದಿದೆ. ಒಡೆದ ಸಂಸಾರದಲ್ಲಿ ಫೋನು ಆಟದ ಸಾಮಾನಷ್ಟೇ ಆಗಿರದೆ, ಮನೆಯಲ್ಲಿಲ್ಲದ ತಂದೆಯ ದನಿ ಬರುವ ಬಾಗಿಲೂ ಆಗಿರುತ್ತದೆ. ತಪ್ಪು ಮಾಡಿದಳೆಂದು ತಾಯಿ ಮೂರು ದಿನ ಅದನ್ನು ಕಸಿದಿಟ್ಟರೆ ಆ ಬಾಗಿಲೂ ಮುಚ್ಚುತ್ತದೆ. ಶಿಕ್ಷೆ ತನಗೋ ಅಪ್ಪನಿಗೋ ಎಂಬುದು ಮಗಳಿಗೆ ತಿಳಿಯದಾಗುತ್ತದೆ. ಆದುದರಿಂದ ತಂದೆಯೊಡನೆ ಮಾತಾಡುವ ಹೊತ್ತನ್ನು ಎಲ್ಲ ಕಟ್ಟಳೆಗಳಿಂದಲೂ ಹೊರಗಿಡಬೇಕು. ಮಗಳ ಫೋನು ಗೂಡಿನಲ್ಲಿದ್ದರೆ ತಾಯಿ ತನ್ನ ಫೋನನ್ನೇ ಕೊಟ್ಟು ಅತ್ತ ಸರಿಯುವುದು ಉಚಿತ. ಇದು ಕಷ್ಟದ ಕೆಲಸ, ಸಂದೇಹವಿಲ್ಲ.

ತಂದೆಯ ಹೊಣೆಯೂ ಹಗುರವಲ್ಲ. 'ಅಮ್ಮನಿಗೆ ಹೇಳಬೇಡ' ಎಂಬ ಮಾತನ್ನು ಅವನು ಬಿಡಬೇಕು. ತಾಯಿಯ ಮನೆಗೆ ಯಾರು ಬಂದರು, ಏನು ಆಡಿದರು ಎಂದು ಮಗಳನ್ನು ಕೇಳುವುದು ಅವಳನ್ನು ಬೇಹಿಗೆ ಹಚ್ಚಿದಂತೆ. ಅಪ್ಪ ಮಗಳ ಸಂದೇಶಗಳನ್ನು ತಾಯಿ ಕದ್ದೋದುವುದೂ ಅದೇ ಜಾತಿಯದು. ರಾತ್ರಿಯ ಹೊತ್ತನ್ನಾದರೂ ಇಬ್ಬರೂ ಒಪ್ಪಿ, ಮಗಳನ್ನೂ ಕೇಳಿ, ಬರೆದಿಟ್ಟುಕೊಂಡರೆ ಉಳಿದ ಭೇದಗಳು ಅಷ್ಟಾಗಿ ನೋಯಿಸವು.

ಹುಲಿಕಲ್ಲಿನಂತಹ ಊರಿಗೆ ಇನ್ನೊಂದು ಮಾತು ಸೇರಿಸಬೇಕು. ಆಷಾಢದ ಮಳೆಗೆ ಮರ ಬಿದ್ದು ವಿದ್ಯುತ್ತು ಹೋದರೆ ಗೋಪುರಗಳೂ ಮೂಕವಾಗುತ್ತವೆ. ಎರಡು ದಿನ ಕರೆ ತಾಗದಿದ್ದಾಗ ತಾಯಿ ಬೇಕೆಂದೇ ಫೋನನ್ನು ಬಚ್ಚಿಟ್ಟಳೆಂದು ಬೆಂಗಳೂರಿನಲ್ಲಿ ಕುಳಿತವನು ನಿಶ್ಚಯಿಸಬಾರದು. ನೆರೆಯಲ್ಲಿ ಯಾರಲ್ಲಾದರೂ ಸ್ಥಿರ ದೂರವಾಣಿಯಿದ್ದರೆ, ಅದರ ಸಂಖ್ಯೆಯನ್ನು ಮಳೆಗಾಲಕ್ಕೆ ಮುನ್ನವೇ ತಾಯಿಯು ಅವನಿಗೆ ಬರೆದು ಕಳುಹಿಸಿರಬೇಕು.